ಜ್ಯೂರಿಲಿದ್ದೋರು ತಪ್ಪು ಮಾಡಿದ್ರೆ ಸಿವಿಲ್ ಕೇಸು ಮತ್ತೆ ಮೊದಲಿಂದ ನಡೆಯುತ್ತಾ? ಅಮೆರಿಕದಲ್ಲಿರೋ ನಮ್ಮೋರು ಪದೇ ಪದೇ ಕೇಳೋ ಪ್ರಶ್ನೆಗಳು

ಮೊದಲೇ ಹೇಳ್ಬಿಡ್ತೀನಿ, ನಾನು ಲಾಯರ್ ಅಲ್ಲ. ಕ್ಯಾಲಿಫೋರ್ನಿಯಾದ ಒಂದು ಸಣ್ಣ ಲಾಯರ್ ಆಫೀಸಲ್ಲಿ ಪ್ಯಾರಾಲೀಗಲ್, ಅಂದ್ರೆ ಕಾಗದ ಪತ್ರ ಎಲ್ಲಾ ರೆಡಿ ಮಾಡೋದು, ಡೇಟ್ ಮಿಸ್ ಆಗ್ದಂಗೆ ನೋಡ್ಕೊಳ್ಳೋದು, ಸಾಕ್ಷಿಗಳ ಹತ್ರ ಮಾತಾಡಿ ಹೇಳಿಕೆ ಟೈಪ್ ಮಾಡೋದು. ಆದ್ರೆ ಕನ್ನಡ ಕೂಟದ ಊಟಕ್ಕೆ ಹೋದ್ರೆ ಸಾಕು, ಒಬ್ಬಟ್ಟು ತಟ್ಟೆಗೆ ಬೀಳೋ ಮುಂಚೆ ಯಾರಾದ್ರೂ ಪಕ್ಕ ಬಂದು ಕೂತು "ನಮ್ಮ ಕೇಸಲ್ಲಿ ಜ್ಯೂರಿಲಿದ್ದ ಒಬ್ರು ಮನೇಲಿ ಗೂಗಲ್ ಮಾಡಿದ್ರಂತೆ ಕಣ್ರೀ, ತೀರ್ಪು ಬಿದ್ದೋಗುತ್ತಾ?" ಅಂತ ಕೇಳ್ತಾರೆ. (ಜ್ಯೂರಿ ಅಂದ್ರೆ ಕೇಸು ಕೇಳಿ ತೀರ್ಪು ಹೇಳೋಕೆ ಸಾಮಾನ್ಯ ಜನರಿಂದ ಆರಿಸಿದ ಗುಂಪು, ಅದ್ರಲ್ಲಿ ಕೂತ ಒಬ್ಬೊಬ್ರೂ ಜ್ಯೂರರ್.) ಪ್ರತಿ ಸಲ ಅದನ್ನೇ ಹೇಳಿ ಹೇಳಿ ಸಾಕಾಗಿ ಇಲ್ಲಿ ಬರೆದಿಟ್ಟಿದೀನಿ. ನಿಮ್ಮ ಕೇಸಿಗೆ ನಿಮ್ಮ ಲಾಯರನ್ನೇ ಕೇಳಿ, ಇದು ವಿಷಯ ಅರ್ಥ ಆಗ್ಲಿ ಅಂತ ಅಷ್ಟೇ.

ಜ್ಯೂರಿ ಇರೋದು ಕೊಲೆ ಕೇಸಿಗಲ್ವಾ? ಸಿವಿಲ್ ಕೇಸಿಗೂ ಇರುತ್ತಾ?

ಇರುತ್ತೆ. ನಮ್ಮ ತಲೇಲಿ ಜ್ಯೂರಿ ಅಂದ್ರೆ ನೌಕಾಪಡೆ ಅಧಿಕಾರಿ ನಾನಾವತಿ ಮೇಲಿನ ಕೊಲೆ ಕೇಸು, 1959ರಲ್ಲಿ ಬಾಂಬೆಯಲ್ಲಿ 9 ಜನರ ಜ್ಯೂರಿಲಿ 8 ಜನ ನಿರಪರಾಧಿ ಅಂದ್ರು, ಜಡ್ಜ್ ಒಪ್ಪದೆ ಹೈಕೋರ್ಟಿಗೆ ಕಳಿಸಿದ್ರು, ಅಲ್ಲಿ ಶಿಕ್ಷೆ ಆಯ್ತು. ಆಮೇಲೆ ಭಾರತದಲ್ಲಿ ಜ್ಯೂರಿ ಪದ್ಧತಿನೇ ಹೊರಟೋಯ್ತು. ಪಾರ್ಸಿಗಳ ಮದುವೆ ವಿಚ್ಛೇದನದ ಕೇಸಲ್ಲಿ ಮಾತ್ರ ಡೆಲಿಗೇಟ್ಸ್ ಅಂತ 5 ಜನ ಕೂರೋ ಪದ್ಧತಿ ಕಾನೂನಲ್ಲಿ ಉಳ್ಕೊಂಡಿದೆ, ಮುಂಚೆ 7 ಜನ ಇದ್ರು.

ಅಮೆರಿಕದಲ್ಲಿ ಹಂಗಲ್ಲ. ಸಂವಿಧಾನದ 7ನೇ ತಿದ್ದುಪಡಿ, 1791ರದ್ದು, 20 ಡಾಲರ್‌ಗಿಂತ ಜಾಸ್ತಿ ಮೊತ್ತದ ಸಿವಿಲ್ ದಾವೆಗೆ ಜ್ಯೂರಿ ಹಕ್ಕು ಕೊಡುತ್ತೆ (20 ಡಾಲರ್! ಇವತ್ತು ಇಬ್ರು ದೋಸೆ ತಿಂದ್ರೆ ಮುಗಿಯೋ ದುಡ್ಡು, ಇನ್ನೂ ಬದಲಾಯಿಸಿಲ್ಲ). ಇದು ಫೆಡರಲ್, ಅಂದ್ರೆ ಕೇಂದ್ರದ ಕೋರ್ಟಿಗೆ, ರಾಜ್ಯಗಳಿಗೆ ಅವರವರದ್ದೇ ರೂಲು. ಫೆಡರಲ್ ಕೋರ್ಟಲ್ಲಿ ಸಿವಿಲ್ ಜ್ಯೂರಿ 6ರಿಂದ 12 ಜನ, ಎರಡೂ ಪಾರ್ಟಿ ಬೇರೆ ಥರ ಒಪ್ಕೊಂಡಿಲ್ಲ ಅಂದ್ರೆ ಎಲ್ಲರದ್ದೂ ಒಂದೇ ಮಾತಾಗಬೇಕು. ಕ್ಯಾಲಿಫೋರ್ನಿಯಾದಲ್ಲಿ ಸಾಮಾನ್ಯವಾಗಿ 12 ಜನ, ಅದ್ರಲ್ಲಿ 9 ಜನ ಒಪ್ಪಿದ್ರೆ ಸಾಕು. ಈ 9ರ ಲೆಕ್ಕ ನೆನಪಿಟ್ಕೊಳ್ಳಿ, ಮುಂದೆ ಬೇಕಾಗುತ್ತೆ.

"ಜ್ಯೂರರ್ ಮಿಸ್‌ಕಾಂಡಕ್ಟ್" ಅಂದ್ರೆ ಏನೇನು ಬರುತ್ತೆ?

ಕೋರ್ಟಲ್ಲಿ ಕಂಡಿದ್ದು ಕೇಳಿದ್ದು ಬಿಟ್ಟು ಬೇರೆ ಕಡೆಯಿಂದ ವಿಷಯ ತಗೊಳ್ಳೋದು, ಅಂದ್ರೆ ಗೂಗಲ್ ಮಾಡೋದು, ಆ್ಯಕ್ಸಿಡೆಂಟ್ ಆದ ಜಾಗಕ್ಕೆ ತಾನೇ ಹೋಗಿ ನೋಡ್ಕೊಂಡ್ ಬರೋದು, ಡಾಕ್ಟರ್ ಭಾವನ್ನ ಕೇಳೋದು. ಯಾರಾದ್ರೂ ಪಾರ್ಟಿ ಜೊತೆನೋ ಸಾಕ್ಷಿ ಜೊತೆನೋ ಹೊರಗೆ ಮಾತಾಡೋದು. ಆರಿಸೋವಾಗ ಕೇಳಿದ ಪ್ರಶ್ನೆಗೆ ಸುಳ್ಳು ಹೇಳೋದು ಇಲ್ಲಾ ಮುಚ್ಚಿಡೋದು. ಎಲ್ಲಾ ಸಾಕ್ಷಿ ಮುಗಿಯೋ ಮುಂಚೆನೇ ಕಾರಿಡಾರಲ್ಲಿ ಚರ್ಚೆ ಶುರು ಹಚ್ಕೊಳ್ಳೋದು. ನಾಣ್ಯ ಚಿಮ್ಮಿ ತೀರ್ಮಾನ ಮಾಡೋದು. ಕುಡಿದು ಬರೋದು, ನಿದ್ದೆ ಹೊಡೆಯೋದು. ಎಲ್ಲಾನೂ ತಪ್ಪೇ, ಆದ್ರೆ ಎಲ್ಲದರ ತೂಕ ಒಂದೇ ಅಲ್ಲ. ಸಾಮಾನ್ಯ ಜನಕ್ಕೆ ಸಿಟ್ಟು ಬರೋದು ಕುಡ್ಕೊಂಡು ಬಂದ ಜ್ಯೂರರ್ ಮೇಲೆ, ಕೋರ್ಟಿಗೆ ಅದಕ್ಕಿಂತ ಡೇಂಜರ್ ಅನ್ಸೋದು ಮನೇಲಿ ಸುಮ್ನೆ ಕೂತು ಮ್ಯಾಪ್ ತೆಗೆದು ನೋಡಿದವನು. ಯಾಕೆ ಅಂತ ಮುಂದೆ ಬರುತ್ತೆ.

ತಪ್ಪು ಆಗಿದೆ ಅಂತ ಗ್ಯಾರಂಟಿ ಗೊತ್ತಿದೆ. ಹೊಸ ಟ್ರಯಲ್ ಕೊಡಲೇಬೇಕಲ್ವಾ?

ಇಲ್ಲ, ಇಲ್ಲೇ ಎಲ್ರೂ ಎಡವೋದು. ತಪ್ಪು ಆಗಿದೆ ಅನ್ನೋದು ನಿಮಗೆ ಗೊತ್ತಿದ್ರೆ ಸಾಲದು, ಅದನ್ನ ಕೋರ್ಟ್ ಒಪ್ಪೋ ಥರದ ಸಾಕ್ಷಿಯಿಂದ ತೋರಿಸ್ಬೇಕು, ಆ ತಪ್ಪಿಂದ ನಿಮಗೆ ಪೆಟ್ಟು ಬಿತ್ತು ಅಂತಾನೂ ಕಾಣ್ಬೇಕು, ಅದೂ ವಾಯಿದೆ ಒಳಗೆ. ನಾನು ನೋಡಿರೋ ಮಟ್ಟಿಗೆ ಈ ಅರ್ಜಿಗಳು ಸಾಯೋದು ತಪ್ಪು ಆಗಿಲ್ಲ ಅಂತ ಅಲ್ಲ, ಜ್ಯೂರಿ ರೂಮಿನ ಬಾಗಿಲ ಹತ್ರ. ಒಳಗೆ ನಡೆದಿದ್ದನ್ನ ಹೊರಗೆ ತರೋದೇ ಇಡೀ ಕಷ್ಟ.

ಒಳಗಿದ್ದ ಜ್ಯೂರರೇ ಬಂದು "ಹೌದು ಹಿಂಗಾಯ್ತು" ಅಂತ ಹೇಳಿದ್ರೆ ಸಾಕಲ್ವಾ?

ಲೋಕದ ನ್ಯಾಯಕ್ಕೆ ಸಾಕು. ಕಾನೂನಿಗೆ ಹೆಚ್ಚಿನ ಸಲ ಸಾಲದು. ಈ ಕಥೆ ಹಳೇದು, ಸ್ವಲ್ಪ ಕೂತು ಕೇಳಿ.

1785ರಲ್ಲಿ ಇಂಗ್ಲೆಂಡಲ್ಲಿ ವೈಸ್ ವರ್ಸಸ್ ಡೆಲವಾಲ್ ಅಂತ ಒಂದು ಕೇಸು. ಜ್ಯೂರಿಲಿ ಒಮ್ಮತ ಬರ್ಲಿಲ್ಲ, ಕೊನೆಗೆ ನಾಣ್ಯ ಹಾರಿಸಿ ಯಾರ ಕಡೆ ಬಿತ್ತೋ ಅವರಿಗೆ ತೀರ್ಪು ಕೊಟ್ರು ಅಂತ ಇಬ್ರು ಜ್ಯೂರರ್‌ಗಳೇ ಅಫಿಡವಿಟ್ ಕೊಟ್ರು. ಜಡ್ಜ್ ಲಾರ್ಡ್ ಮ್ಯಾನ್ಸ್‌ಫೀಲ್ಡ್ ಅದನ್ನ ತಗೊಳ್ಳೋದೇ ಇಲ್ಲ ಅಂದ್ರು. ತಾನು ಮಾಡಿದ ದೊಡ್ಡ ತಪ್ಪನ್ನ ತಾನೇ ಹೇಳ್ಕೊಂಡು ತೀರ್ಪು ಕೆಡಿಸೋಕೆ ಜ್ಯೂರರ್‌ಗೆ ಬಿಡಲ್ಲ, ಬೇರೆ ಯಾರಾದ್ರೂ ಕಿಟಕಿಯಿಂದ ನೋಡಿದ್ರೆ ಅಂಥೋರ ಸಾಕ್ಷಿ ತನ್ನಿ ಅನ್ನೋ ಅರ್ಥದ ಮಾತು ಹೇಳಿದ್ರು. ಅಂದ್ರೆ ಪೂರ್ತಿ ಒಳಗಿದ್ದವನ ಮಾತು ಬೇಡ, ಹೊರಗೆ ನಿಂತು ಇಣುಕಿದವನ ಮಾತು ಬೇಕು! ಮೊದಲ ಸಲ ಓದಿದಾಗ ನನಗೆ ನಗು ಬಂತು, ಆದ್ರೆ 200 ವರ್ಷ ಆದ್ಮೇಲೂ ಅಮೆರಿಕದ ಕೋರ್ಟುಗಳು ಆ ಕಿಟಕಿ ಹತ್ರನೇ ನಿಂತಿವೆ.

1915ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಮುಂದೆ ಮೆಕ್‌ಡೊನಾಲ್ಡ್ ವರ್ಸಸ್ ಪ್ಲೆಸ್ ಬಂತು. ಲಾಯರ್‌ಗಳು ತಮ್ಮ ಕಕ್ಷಿದಾರನ ಮೇಲೆ ಫೀಸಿಗೆ ಹಾಕಿದ ಸಿವಿಲ್ ಕೇಸು. ಒಳಗೆ ಪ್ರತಿಯೊಬ್ಬ ಜ್ಯೂರರ್ ಒಂದೊಂದು ಮೊತ್ತ ಹೇಳಿ, ಎಲ್ಲಾ ಕೂಡಿಸಿ, 12ರಿಂದ ಭಾಗಿಸಿ, ಬಂದಿದ್ದೇ ತೀರ್ಪು ಅಂತ ಮುಂಚೆನೇ ಒಪ್ಕೊಂಡಿದ್ರು ಅನ್ನೋದು ಆರೋಪ. ಮಾಡಿದ್ದು ಸರಿ ಅಂತ ಕೋರ್ಟ್ ಹೇಳ್ಲಿಲ್ಲ, ಆದ್ರೆ ಜ್ಯೂರರ್ ಬಾಯಿಂದ ಅದನ್ನ ಹೇಳಿಸೋಕೆ ಆಗಲ್ಲ ಅಂದ್ರು. ಹಂಗೆ ಬಿಟ್ರೆ ಸೋತ ಪ್ರತಿಯೊಬ್ಬನೂ ಜ್ಯೂರರ್‌ಗಳ ಮನೆ ಬಾಗಿಲು ತಟ್ಟಿ ಪೀಡಿಸ್ತಾನೆ, ಒಳಗೆ ಯಾರೂ ಮನಸ್ಸು ಬಿಚ್ಚಿ ಮಾತಾಡಲ್ಲ ಅನ್ನೋದು ವಾದ.

ಈಗ ಇದೇ ಫೆಡರಲ್ ಸಾಕ್ಷ್ಯ ನಿಯಮ 606(ಬಿ). ಒಳಗೆ ಯಾರು ಏನಂದ್ರು, ಯಾರ ಮನಸ್ಸು ಯಾಕೆ ಬದಲಾಯ್ತು ಅಂತ ಜ್ಯೂರರ್ ಸಾಕ್ಷಿ ಹೇಳಂಗಿಲ್ಲ. ಮೂರು ವಿಷಯಕ್ಕೆ ಮಾತ್ರ ಬಾಗಿಲು ತೆಗೀತಾರೆ: ಹೊರಗಿನ ಮಾಹಿತಿ ಒಳಗೆ ಬಂದು ತೊಂದರೆ ಆಗಿದ್ರೆ, ಹೊರಗಿನೋರು ಯಾರಾದ್ರೂ ಒತ್ತಡ ಹಾಕಿದ್ರೆ, ಅಥವಾ ತೀರ್ಪಿನ ಫಾರ್ಮಲ್ಲಿ ಬರೆಯೋವಾಗ ಕೈತಪ್ಪು ಆಗಿದ್ರೆ. ಈ ರೂಲು ಎಷ್ಟು ಬಿಗಿ ಅಂತ ಗೊತ್ತಾಗ್ಬೇಕು ಅಂದ್ರೆ 1987ರ ಟ್ಯಾನರ್ ಕೇಸು ನೋಡಿ, ಅದು ಕ್ರಿಮಿನಲ್ ಕೇಸು ನಿಜ ಆದ್ರೆ ರೂಲು ಇದೇ. ಜ್ಯೂರರ್‌ಗಳು ಮಧ್ಯಾಹ್ನ ಊಟಕ್ಕೆ ಕುಡೀತಿದ್ರು, ಗಾಂಜಾ ಸೇದ್ತಿದ್ರು, ಕೊಕೇನ್ ಬೇರೆ, ಆಮೇಲೆ ಬಂದು ನಿದ್ದೆ ಅಂತ ಜ್ಯೂರಿಲಿದ್ದೋರೇ ಹೇಳಿದ್ರು. ಸುಪ್ರೀಂ ಕೋರ್ಟ್ 5-4ರಲ್ಲಿ, ಹೊಟ್ಟೆಗೆ ಹೋದ ಎಣ್ಣೆ "ಹೊರಗಿನ ಪ್ರಭಾವ" ಅಲ್ಲ, ಕೆಟ್ಟ ಊಟ ತಿಂದ್ರೋ ನಿದ್ದೆಗೆಟ್ರೋ ಅದ್ರಂಗೆ ಇದೂ ಒಳಗಿನ ವಿಷಯ, ಅದ್ರ ಬಗ್ಗೆ ಜ್ಯೂರರ್ ಸಾಕ್ಷಿ ಬೇಡ ಅಂತು.

ಹಂಗಾದ್ರೆ ಗೂಗಲ್ ಮಾಡಿದ್ದು ಹೊರಗಿಂದಾ ಒಳಗಿಂದಾ?

ಹೊರಗಿಂದು. ಅದಕ್ಕೇ ಮೇಲೆ ಹೇಳಿದ್ದು, ಕುಡುಕನಿಗಿಂತ ಮ್ಯಾಪ್ ನೋಡಿದವನೇ ಕೋರ್ಟಿಗೆ ದೊಡ್ಡ ತಲೆನೋವು ಅಂತ. ಪೇಪರ್ ಸುದ್ದಿ, ವೆಬ್‌ಸೈಟು, ತಾನೇ ಸಿಗ್ನಲ್ ಹತ್ರ ಹೋಗಿ ನೋಡ್ಕೊಂಡ್ ಬಂದಿದ್ದು, ಇವೆಲ್ಲ ಕಟಕಟೆಗೆ ಬರದ ಸಾಕ್ಷಿ. ಎದುರು ಪಾರ್ಟಿ ಲಾಯರ್ ಅದನ್ನ ಪ್ರಶ್ನೆ ಮಾಡೋ ಚಾನ್ಸೇ ಇರ್ಲಿಲ್ಲ. ಅಂಥದ್ದು ಒಳಗೆ ಬಂತು ಅಂತ ಜ್ಯೂರರ್ ಹೇಳ್ಬಹುದು. ಆದ್ರೆ "ಅದನ್ನ ಕೇಳಿ ನಾನು ಮನಸ್ಸು ಬದಲಾಯಿಸ್ದೆ" ಅನ್ನೋದನ್ನ ಹೇಳಂಗಿಲ್ಲ, ಒಬ್ಬ ಸಾಮಾನ್ಯ ಜ್ಯೂರರ್ ಮೇಲೆ ಅದು ಏನು ಪರಿಣಾಮ ಮಾಡಬಹುದಿತ್ತು ಅಂತ ಜಡ್ಜೇ ತೂಗಿ ನೋಡ್ತಾರೆ.

ಜ್ಯೂರರ್ ತಲೇಲಿ ಮುಂಚಿಂದ ಇರೋ ಜೀವನದ ಅನುಭವ ಮಾತ್ರ ಹೊರಗಿಂದು ಅಲ್ಲ. ನರ್ಸ್ ಆಗಿರೋರಿಗೆ ಬೆನ್ನುನೋವು ಅಂದ್ರೆ ಏನು ಅಂತ ಗೊತ್ತಿರುತ್ತೆ, ಅದನ್ನ ಮನೇಲಿ ಬಿಟ್ಟು ಬಾ ಅನ್ನೋಕಾಗಲ್ಲ.

ಆರಿಸೋವಾಗ ಸುಳ್ಳು ಹೇಳಿ ಒಳಗೆ ಬಂದಿದ್ರೆ? ಇದಂತೂ ಮೋಸ ಅಲ್ವಾ?

ಜ್ಯೂರಿ ಆರಿಸೋ ಮುಂಚೆ ಕೇಳೋ ಪ್ರಶ್ನೋತ್ತರಕ್ಕೆ ವಾಯರ್ ಡೀರ್ ಅಂತಾರೆ. ಇಲ್ಲಿ ಎರಡು ಸಿವಿಲ್ ಕೇಸು ತಿಳ್ಕೊಂಡ್ರೆ ಸಾಕು.

ಒಂದು, 1984ರ ಮೆಕ್‌ಡೊನೋ ಪವರ್ ಇಕ್ವಿಪ್‌ಮೆಂಟ್ ವರ್ಸಸ್ ಗ್ರೀನ್‌ವುಡ್. ಹುಲ್ಲು ಕತ್ತರಿಸೋ, ಕೂತು ಓಡಿಸೋ ಮೆಷಿನ್‌ನ ಬ್ಲೇಡಿಗೆ ಒಂದು ಮಗುವಿನ ಪಾದ ಸಿಕ್ಕಿ ಗಾಯ ಆಯ್ತು, ಕುಟುಂಬ ಕಂಪನಿ ಮೇಲೆ ಕೇಸು ಹಾಕಿ ಸೋತ್ರು. ನಿಮ್ಮ ಮನೇಲಿ ಯಾರಿಗಾದ್ರೂ ದೊಡ್ಡ ಗಾಯ ಆಗಿ ಬಹಳ ದಿನ ನರಳಿದ್ದಿದ್ಯಾ ಅನ್ನೋ ಥರದ ಪ್ರಶ್ನೆಗೆ ಒಬ್ಬ ಜ್ಯೂರರ್ ಸುಮ್ನೆ ಕೂತಿದ್ರು, ಆಮೇಲೆ ನೋಡಿದ್ರೆ ಅವರ ಮಗನಿಗೆ ಲಾರಿ ಟೈರ್ ಸಿಡಿದು ಕಾಲು ಮುರಿದಿತ್ತು. ಕೆಳಗಿನ ಅಪೀಲು ಕೋರ್ಟ್ ಹೊಸ ಟ್ರಯಲ್ ಕೊಡ್ತು, ಸುಪ್ರೀಂ ಕೋರ್ಟ್ ಅದನ್ನ ರದ್ದು ಮಾಡ್ತು. ಪ್ರಶ್ನೆ ಅರ್ಥ ಆಗದೆ ಪ್ರಾಮಾಣಿಕವಾಗಿ ತಪ್ಪಿದ್ರೆ 3 ವಾರದ ಟ್ರಯಲ್ ಎತ್ತಿ ಬಿಸಾಡೋಕಾಗಲ್ಲ ಅಂದ್ರು. ಆವತ್ತು ಹಾಕಿದ ಅಳತೆ ಇವತ್ತಿಗೂ ಅದೇ: ಮುಖ್ಯವಾದ ಪ್ರಶ್ನೆಗೆ ಜ್ಯೂರರ್ ಪ್ರಾಮಾಣಿಕ ಉತ್ತರ ಕೊಡ್ಲಿಲ್ಲ ಅಂತ ತೋರಿಸ್ಬೇಕು, ನಿಜ ಹೇಳಿದ್ರೆ ಆ ಕಾರಣಕ್ಕೇ ಅವರನ್ನ ಜ್ಯೂರಿಯಿಂದ ತೆಗೀಬಹುದಿತ್ತು ಅಂತಾನೂ ತೋರಿಸ್ಬೇಕು. ಒಂದೇ ಇದ್ರೆ ಸಾಲದು.

ಇನ್ನೊಂದು ಹೊಟ್ಟೆ ಉರ್ಸೋ ಕೇಸು, 2014ರ ವಾರ್ಗರ್ ವರ್ಸಸ್ ಶಾವರ್ಸ್, ಸೌತ್ ಡಕೋಟದ್ದು. ಟ್ರಕ್ ಡಿಕ್ಕಿಯಾಗಿ ಮೋಟರ್‌ಸೈಕಲ್ ಸವಾರನ ಕಾಲು ಹೋಯ್ತು, ಕೇಸಲ್ಲಿ ಸೋತ. ಆಮೇಲೆ ಜ್ಯೂರಿಲಿದ್ದ ಒಬ್ರೇ ಅವನ ಲಾಯರ್‌ಗೆ ಹೇಳಿದ್ರು, ನಮ್ಮ ಜ್ಯೂರಿ ಮುಖ್ಯಸ್ಥೆ ಒಳಗೆ ತನ್ನ ಮಗಳ ಕಥೆ ಹೇಳಿದ್ರು, ಮಗಳಿಂದ ಒಂದು ಆ್ಯಕ್ಸಿಡೆಂಟಲ್ಲಿ ಒಬ್ಬ ಸತ್ತಿದ್ದ, ಅವಳ ಮೇಲೆ ಕೇಸು ಹಾಕಿದ್ರೆ ಅವಳ ಬಾಳೇ ಹಾಳಾಗ್ತಿತ್ತು ಅಂದ್ರು ಅಂತ. ಇದೇ ಮುಖ್ಯಸ್ಥೆ ಆರಿಸೋವಾಗ ನಾನು ನಿಷ್ಪಕ್ಷಪಾತವಾಗಿರ್ತೀನಿ ಅಂದಿದ್ರು. ಇದಕ್ಕಿಂತ ಏನು ಬೇಕು ಅನ್ಸುತ್ತೆ ಅಲ್ವಾ? ಸುಪ್ರೀಂ ಕೋರ್ಟ್ 9-0, ಜಸ್ಟಿಸ್ ಸೋಟೊಮೇಯರ್ ಬರೆದಿದ್ದು: ಸುಳ್ಳು ಹೇಳಿದ್ರು ಅಂತ ತೋರಿಸೋಕೂ ಜ್ಯೂರಿ ರೂಮಿನ ಮಾತನ್ನ ತರಂಗಿಲ್ಲ, ಮಗಳ ಕಥೆ "ಹೊರಗಿನ ಮಾಹಿತಿ"ನೂ ಅಲ್ಲ. ಅದೇ ಸುಳ್ಳನ್ನ ಜ್ಯೂರಿ ರೂಮಿನ ಹೊರಗಿನ ಸಾಕ್ಷಿಯಿಂದ ತೋರಿಸೋಕಾದ್ರೆ ತೋರಿಸಿ, ಹಳೇ ಕೋರ್ಟ್ ದಾಖಲೆನೋ ಬೇರೆ ಯಾರದ್ದಾದ್ರೂ ಮಾತೋ. ಮತ್ತೆ ಕಿಟಕಿ!

ನನಗೆ ಕೇಳಿದ್ರೆ ಇದು ನ್ಯಾಯ ಅನ್ಸಲ್ಲ. ಆದ್ರೆ ನಮ್ಮ ಆಫೀಸಿನ ಹಿರಿಯ ಲಾಯರಮ್ಮ ಹೇಳೋದು ಬೇರೆ: "ಗೆದ್ದ ಕಡೆ ನೀನಿದ್ದಾಗ ಇದೇ ರೂಲು ನಿನಗೆ ದೇವರ ಥರ ಕಾಣುತ್ತೆ".

ನಮ್ಮ ಬಣ್ಣ, ನಮ್ಮ ಇಂಗ್ಲಿಷ್ ಉಚ್ಚಾರ ನೋಡಿ ಒಳಗೆ ಏನಾದ್ರೂ ಅಂದಿದ್ರೆ?

2017ರ ಪೆನ್ಯಾ ರೊಡ್ರಿಗಸ್ ವರ್ಸಸ್ ಕೊಲೊರಾಡೋ ಕೇಸಲ್ಲಿ ಸುಪ್ರೀಂ ಕೋರ್ಟ್ 5-3ರಲ್ಲಿ ಬಾಗಿಲು ಸ್ವಲ್ಪ ತೆಗೀತು. ಮೆಕ್ಸಿಕನ್ನರು ಹಿಂಗೇ ಅಂತ ಒಬ್ಬ ಜ್ಯೂರರ್ ಒಳಗೆ ಖುಲ್ಲಂಖುಲ್ಲಾ ಹೇಳಿದ್ದನ್ನ ಬೇರೆ ಜ್ಯೂರರ್‌ಗಳು ಹೊರಗೆ ತಂದ್ರು. ಜನಾಂಗದ ಮೇಲಿನ ದ್ವೇಷದಿಂದಲೇ ತೀರ್ಪು ಕೊಟ್ಟೆ ಅನ್ನೋದು ಜ್ಯೂರರ್ ಬಾಯಿಂದ ಸ್ಪಷ್ಟವಾಗಿ ಬಂದಿದ್ರೆ ಜಡ್ಜ್ ಆ ಸಾಕ್ಷಿ ನೋಡ್ಬೇಕು ಅಂದ್ರು. ಆದ್ರೆ ಅದು ಕ್ರಿಮಿನಲ್ ಕೇಸು, ಕ್ರಿಮಿನಲ್ ಆರೋಪಿಗೆ ಜ್ಯೂರಿ ಹಕ್ಕು ಕೊಡೋ 6ನೇ ತಿದ್ದುಪಡಿ ಮೇಲೆ ನಿಂತಿರೋ ತೀರ್ಪು. ಸಿವಿಲ್ ಕೇಸಿಗೂ ಹಂಗೇ ಅಂತ ಅದ್ರಲ್ಲಿ ಹೇಳಿಲ್ಲ, ಲಾಯರ್‌ಗಳು ವಾದ ಮಾಡ್ತಾರೆ ಅಷ್ಟೇ. ಬಿಡಿ ಬಿಡಿಯಾಗಿ ಒಂದು ಕುಹಕದ ಮಾತು ಬಂದಿದ್ರೆ ಅದೂ ಸಾಲದು.

ಕ್ಯಾಲಿಫೋರ್ನಿಯಾ ಸ್ಟೇಟ್ ಕೋರ್ಟಲ್ಲೂ ಇಷ್ಟೇ ಬಿಗಿನಾ?

ಇಲ್ಲ, ಇಲ್ಲಿ ಸ್ವಲ್ಪ ಉಸಿರಾಡಬಹುದು. ಸಿವಿಲ್ ಪ್ರೊಸೀಜರ್ ಕೋಡ್ ಸೆಕ್ಷನ್ 657ರಲ್ಲಿ ಜ್ಯೂರಿ ಮಿಸ್‌ಕಾಂಡಕ್ಟ್ ಅಂತ ಹೆಸರು ಹಿಡಿದೇ ಹೊಸ ಟ್ರಯಲ್‌ಗೆ ಕಾರಣ ಅಂತ ಬರೆದಿದೆ. ಅದೃಷ್ಟದ ಮೇಲೆ ಬಿಟ್ಟು ತೀರ್ಪು ಮಾಡಿದ್ರೆ, ಮ್ಯಾನ್ಸ್‌ಫೀಲ್ಡ್ ಬೇಡ ಅಂದಿದ್ದೇ ಇಲ್ಲಿ ಬೇಕು, ಯಾವುದೇ ಒಬ್ಬ ಜ್ಯೂರರ್ ಅಫಿಡವಿಟ್ ಕೊಟ್ಟು ಹೇಳ್ಬಹುದು. ಮೊತ್ತ ಕೂಡಿಸಿ ಭಾಗಿಸೋದೂ ಹಂಗೇ, ಬಂದ ಸಂಖ್ಯೆಗೆ ಕಟ್ಟುಬೀಳ್ತೀವಿ ಅಂತ ಮುಂಚೆ ಒಪ್ಕೊಂಡಿದ್ರೆ ತಪ್ಪು, ಸುಮ್ನೆ ಸರಾಸರಿ ನೋಡಿ ಆಮೇಲೆ ಚರ್ಚೆ ಮಾಡಿದ್ರೆ ತಪ್ಪಲ್ಲ.

ಸಾಕ್ಷ್ಯ ಕೋಡಿನ ಸೆಕ್ಷನ್ 1150 ಇಲ್ಲಿ ಜೀವಾಳ. ಜ್ಯೂರಿ ರೂಮಿನ ಒಳಗೋ ಹೊರಗೋ ಆಡಿದ ಮಾತು, ನಡೆದ ಘಟನೆ, ನಡವಳಿಕೆ, ಅಂದ್ರೆ ಕಣ್ಣಲ್ಲಿ ಕಂಡಿದ್ದು ಕಿವೀಲಿ ಕೇಳಿದ್ದು ಹೇಳ್ಬಹುದು. ಅದ್ರಿಂದ ಯಾರ ಮನಸ್ಸು ಹೆಂಗೆ ತಿರುಗ್ತು ಅಂತ ಹೇಳಂಗಿಲ್ಲ.

ಕೇಳೋಕೆ ಸುಲಭ, ಬರೆಯೋಕೆ ಕೂತಾಗ ಗೊತ್ತಾಗುತ್ತೆ. ಒಂದು ಆ್ಯಕ್ಸಿಡೆಂಟ್ ಕೇಸು ಮುಗಿದ ಮೇಲೆ ಜ್ಯೂರರ್ ಒಬ್ರು ತಾವಾಗೇ ಫೋನ್ ಮಾಡಿದ್ರು, ವಯಸ್ಸಾದ ಹೆಂಗಸು, ನಾನೂ ನಮ್ಮ ಲಾಯರೂ ಅವರ ಮನೆಗೆ ಹೋದ್ವಿ. ಅಡುಗೆಮನೆ ಟೇಬಲ್ ಮೇಲೆ ಲ್ಯಾಪ್‌ಟಾಪ್ ಇಟ್ಕೊಂಡು ನಾನು ಟೈಪ್ ಮಾಡ್ತಿದ್ದೆ. ಅವರು ಹೇಳಿದ್ದು: ಇನ್ನೊಬ್ಬ ಜ್ಯೂರರ್ ರಾತ್ರಿ ಆ ಸರ್ಕಲ್‌ಗೆ ಕಾರಲ್ಲಿ ಹೋಗಿ, ಹಳದಿ ಲೈಟು ಎಷ್ಟು ಸೆಕೆಂಡ್ ಇರುತ್ತೆ ಅಂತ ಫೋನಲ್ಲಿ ಅಳೆದು, ಮಾರನೇ ದಿನ ಬಂದು ಎಲ್ರಿಗೂ ಹೇಳಿದ, ಅದನ್ನ ಕೇಳಿ ನನಗೆ ಆ ಡ್ರೈವರ್ ಮೇಲೆ ನಂಬಿಕೆ ಹೋಯ್ತು, ಉಳಿದೋರಿಗೂ ಹೋಗಿರ್ಬೇಕು, ಅವತ್ತಿಂದ ನಿದ್ದೆ ಬಂದಿಲ್ಲ ಅಂತ. ನಾನು ಅಷ್ಟೂ ಟೈಪ್ ಮಾಡಿದೆ. ಲಾಯರ್ ಓದಿ ಒಂದೊಂದೇ ವಾಕ್ಯ ಹೊಡೆದು ಹಾಕಿದ್ರು. ನಂಬಿಕೆ ಹೋಯ್ತು, ತೆಗಿ. ಉಳಿದೋರಿಗೂ, ತೆಗಿ. ನಿದ್ದೆ ಬಂದಿಲ್ಲ, ತೆಗಿ. ಕೊನೆಗೆ ಉಳಿದಿದ್ದು ನಾಲ್ಕು ಸಾಲು: ಯಾವ ದಿನ, ಯಾರು, ಎಲ್ಲಿ ನಿಂತು, ಏನಂದ್ರು. ಆಯಮ್ಮ ಓದಿ "ನಾನು ಹೇಳಿದ್ದು ಇಷ್ಟೇನಾ?" ಅಂತ ಕೇಳಿದ್ರು. ಅವರ ಪಾಲಿಗೆ ಮುಖ್ಯವಾದದ್ದೆಲ್ಲ ಹೋಗಿತ್ತು, ಕೋರ್ಟಿಗೆ ಬೇಕಾದ್ದು ಮಾತ್ರ ಉಳ್ಕೊಂಡಿತ್ತು. ಸುಳ್ಳಾದ್ರೆ ಶಿಕ್ಷೆಗೆ ಒಳಗಾಗ್ತೀನಿ ಅನ್ನೋ ಸಾಲಿನ ಕೆಳಗೆ ಸಹಿ ಹಾಕಿ ಕೊಟ್ರು.

ಆಮೇಲೆ ಪೆಟ್ಟು ಬಿತ್ತು ಅಂತ ಹೆಂಗೆ ತೋರಿಸೋದು?

ಕ್ಯಾಲಿಫೋರ್ನಿಯಾದಲ್ಲಿ ಮಿಸ್‌ಕಾಂಡಕ್ಟ್ ಆಗಿದೆ ಅಂತ ರುಜುವಾತಾದ್ರೆ ಅದ್ರಿಂದ ತೊಂದರೆ ಆಗಿದೆ ಅಂತ ಮೊದಲು ಊಹೆ ಮಾಡ್ತಾರೆ. ಎದುರು ಪಾರ್ಟಿ ಅದನ್ನ ಮುರೀಬಹುದು. ಅವರೂ ಬೇರೆ ಜ್ಯೂರರ್‌ಗಳಿಂದ ಹೇಳಿಕೆ ತರ್ತಾರೆ, ಹಂಗೇನೂ ಆಗ್ಲೇ ಇಲ್ಲ, ಯಾರೋ ಹೇಳಿದ್ರು, ತಕ್ಷಣ ಸುಮ್ನಿರಪ್ಪಾ ಅಂದ್ವಿ ಅಂತ. ಎರಡು ಕಡೆ ಹೇಳಿಕೆ ತಿಕ್ಕಾಟ ಆದಾಗ ಯಾರನ್ನ ನಂಬೋದು ಅನ್ನೋದು ಜಡ್ಜ್ ಕೈಲಿ. ಇಲ್ಲೇ ಆ 9ರ ಲೆಕ್ಕ ಬರೋದು. 12-0 ಬಂದಿದ್ರೆ ಒಬ್ಬನ ತಪ್ಪಿಂದ ಏನಾಯ್ತು ಅಂತ ಎದುರು ಪಾರ್ಟಿ ಕೇಳ್ತಾರೆ, 9-3 ಬಂದಿದ್ರೆ ಒಂದೇ ಒಂದು ಓಟು ಅಲ್ಲಾಡಿದ್ರೂ ತೀರ್ಪೇ ಇರ್ತಿರ್ಲಿಲ್ಲ ಅಂತ ನೀವು ಹೇಳ್ಬಹುದು.

ಫೆಡರಲ್ ಕೋರ್ಟಲ್ಲಿ, 1954ರ ರೆಮ್ಮರ್ ಕೇಸಿಂದ, ಹೊರಗಿನೋರು ಜ್ಯೂರರ್ ಹತ್ರ ಕೇಸಿನ ಬಗ್ಗೆ ಬಂದು ಮಾತಾಡಿದ್ರೆ ತೊಂದರೆ ಆಗಿದೆ ಅನ್ನೋ ಊಹೆ ಇದೆ. ಆದ್ರೆ ಅದೂ ಕ್ರಿಮಿನಲ್, ಸಿವಿಲ್ ಕೇಸಲ್ಲಿ ಒಂದೊಂದು ಕಡೆ ಒಂದೊಂದು ಥರ.

ಜ್ಯೂರರ್ ಕೋರ್ಟಲ್ಲೇ ಬೇರೆ ಏನೋ ಮಾಡ್ತಾ ಕೂತಿದ್ರೆ?

ಕ್ಯಾಲಿಫೋರ್ನಿಯಾದ 1982ರ ಹ್ಯಾಸನ್ ವರ್ಸಸ್ ಫೋರ್ಡ್ ಮೋಟರ್. ಬ್ರೇಕ್ ಫೇಲ್ ಆದ ಲಿಂಕನ್ ಕಾರಿನ ಕೇಸು, ಫೋರ್ಡ್ ಸೋತಿತ್ತು. ಟ್ರಯಲ್ ನಡೀತಿರುವಾಗ ಜ್ಯೂರರ್‌ಗಳು ಕಾದಂಬರಿ ಓದ್ತಿದ್ರು, ಪದಬಂಧ ತುಂಬ್ತಿದ್ರು ಅಂತ ಹೇಳಿಕೆ ಬಂದ್ವು. ರಾಜ್ಯದ ಸುಪ್ರೀಂ ಕೋರ್ಟ್, ಅದು ತಪ್ಪೇ, ಆದ್ರೆ ಅದ್ರಿಂದ ತೀರ್ಪು ಕೆಟ್ಟಿಲ್ಲ ಅಂತ ಉಳಿಸ್ತು. ದೊಡ್ಡ ಕಂಪನಿಗೆ ಆಗದ್ದು ನಮಗೆ ಸುಲಭವಾಗಿ ಆಗುತ್ತೆ ಅಂತ ಅನ್ಕೋಬೇಡಿ.

ಟ್ವೀಟ್, ಫೇಸ್‌ಬುಕ್ ಪೋಸ್ಟ್ ಸಿಕ್ಕಿದೆ, ಸ್ಕ್ರೀನ್‌ಶಾಟ್ ಇದೆ!

ಒಳ್ಳೇದು, ಇದು ಆಧುನಿಕ ಕಿಟಕಿ, ಜ್ಯೂರರ್ ಬಾಯಿ ಬೇಕಾಗಿಲ್ಲ. ಆದ್ರೆ ಯಾವಾಗ ಹಾಕಿದ್ದು, ಏನು ಹಾಕಿದ್ದು ನೋಡ್ಬೇಕು. 2009ರಲ್ಲಿ ಆರ್ಕನ್ಸಾದಲ್ಲಿ ಒಂದು ಬಿಲ್ಡಿಂಗ್ ಮೆಟೀರಿಯಲ್ ಕಂಪನಿ ಮೇಲೆ 1.26 ಕೋಟಿ ಡಾಲರ್ ತೀರ್ಪು ಬಂತು. ಒಬ್ಬ ಜ್ಯೂರರ್ ಬೇರೆಯವರ ದುಡ್ಡಲ್ಲಿ 1.2 ಕೋಟಿ ದಾನ ಮಾಡ್ದೆ ಅನ್ನೋ ಥರ ಟ್ವೀಟ್ ಹಾಕಿದ. ಕಂಪನಿಯೋರು ಹೊಸ ಟ್ರಯಲ್ ಕೇಳಿದ್ರು, ಜಡ್ಜ್ ಕೊಡ್ಲಿಲ್ಲ. ಬಾಯಿ ಹರಕತನ ಬೇರೆ, ಹೊರಗಿಂದ ಮಾಹಿತಿ ತಗೊಂಡಿದ್ದು ಬೇರೆ. "ಇವತ್ತು ಬೋರು" ಅಂತ ಹಾಕಿದ್ರೆ ಏನೂ ಆಗಲ್ಲ. "ಈ ಡಾಕ್ಟರ್ ಬಗ್ಗೆ ಯಾರಿಗಾದ್ರೂ ಗೊತ್ತಾ?" ಅಂತ ಹಾಕಿ ಕೆಳಗೆ ಹತ್ತು ಕಾಮೆಂಟ್ ಬಂದಿದ್ರೆ ಅದು ಕೇಸು.

ಎಷ್ಟು ದಿನ ಟೈಮ್ ಇದೆ?

ಕಮ್ಮಿ. ಫೆಡರಲ್ ಕೋರ್ಟಲ್ಲಿ ರೂಲ್ 59 ಪ್ರಕಾರ ಜಡ್ಜ್‌ಮೆಂಟ್ ದಾಖಲಾದ 28 ದಿನದೊಳಗೆ ಅರ್ಜಿ ಹಾಕ್ಬೇಕು, ಜಡ್ಜಿಗೂ ಇದನ್ನ ಮುಂದೂಡೋ ಅಧಿಕಾರ ಇಲ್ಲ. ಕ್ಯಾಲಿಫೋರ್ನಿಯಾದಲ್ಲಿ ಜಡ್ಜ್‌ಮೆಂಟ್ ದಾಖಲಾಗಿದೆ ಅನ್ನೋ ನೋಟಿಸ್ ಕಳಿಸಿದ 15 ದಿನ, ಯಾರೂ ನೋಟಿಸ್ ಕೊಡ್ಲಿಲ್ಲ ಅಂದ್ರೆ ದಾಖಲಾದ 180 ದಿನ, ಯಾವುದು ಮೊದಲೋ ಅದು. ಆಮೇಲೆ 10 ದಿನದಲ್ಲಿ ಅಫಿಡವಿಟ್ ಎಲ್ಲಾ ಹಾಕ್ಬೇಕು. ಜಡ್ಜಿಗೂ 75 ದಿನದ ಗಡುವು, ಅಷ್ಟರಲ್ಲಿ ತೀರ್ಮಾನ ಮಾಡ್ಲಿಲ್ಲ ಅಂದ್ರೆ ಅರ್ಜಿ ತಾನಾಗೇ ತಿರಸ್ಕಾರ ಆದಂಗೆ. ಜಡ್ಜ್ ಏನೂ ಹೇಳ್ದೇನೂ ಸೋಲಬಹುದು ಅಂತ ಹೇಳಿದ್ರೆ ಊರಲ್ಲಿ ನಮ್ಮಪ್ಪ ನಂಬೋದೇ ಇಲ್ಲ, ಅವರ ಜಮೀನು ಕೇಸಿಗೆ ವಾಯಿದೆ ಮೇಲೆ ವಾಯಿದೆ ಬೀಳ್ತಾನೇ ಇದೆ.

ಟ್ರಯಲ್ ನಡೀತಿರುವಾಗಲೇ ಗೊತ್ತಾಯ್ತು. ಸೋತ್ರೆ ಉಪಯೋಗಕ್ಕೆ ಬರುತ್ತೆ ಅಂತ ಇಟ್ಕೊಳ್ಳೋಣ್ವಾ?

ಬೇಡ. ತಕ್ಷಣ ಲಾಯರ್‌ಗೆ ಹೇಳಿ, ಅವರು ಜಡ್ಜಿಗೆ ಹೇಳ್ತಾರೆ. ಗೊತ್ತಿದ್ದೂ ಸುಮ್ನಿದ್ದು, ಗೆದ್ರೆ ಜೇಬಿಗೆ ಸೋತ್ರೆ ಅರ್ಜಿ ಅನ್ನೋ ಆಟ ಕೋರ್ಟ್ ಒಪ್ಪಲ್ಲ, ಹಕ್ಕು ಬಿಟ್ಕೊಟ್ಟಂಗೆ ಲೆಕ್ಕ. ಕ್ಯಾಲಿಫೋರ್ನಿಯಾದಲ್ಲಂತೂ ತೀರ್ಪಿಗೆ ಮುಂಚೆ ನನಗೂ ಗೊತ್ತಿರ್ಲಿಲ್ಲ ನನ್ನ ಲಾಯರ್‌ಗೂ ಗೊತ್ತಿರ್ಲಿಲ್ಲ ಅಂತ ಇಬ್ರೂ ಹೇಳಿಕೆ ಕೊಡ್ಬೇಕು, ಅದಿಲ್ದೆ ಅರ್ಜಿ ಬಿದ್ದಿದ್ದು ಬೇಕಾದಷ್ಟಿವೆ. ಅದೂ ಅಲ್ದೆ ಮಧ್ಯದಲ್ಲಿ ಗೊತ್ತಾದ್ರೆ ಸರಿ ಮಾಡೋದು ಸುಲಭ, ಆ ಜ್ಯೂರರ್‌ನ ಕರೆದು ಕೇಳಿ, ಬೇಕಾದ್ರೆ ತೆಗೆದು, ಬದಲಿ ಜ್ಯೂರರ್ ಇದ್ರೆ ಕೂರಿಸಿ ಮುಂದುವರೆಸ್ತಾರೆ.

ನಾನೇ ಹೋಗಿ ಜ್ಯೂರರ್ ಹತ್ರ ಮಾತಾಡ್ಲಾ? ಅಡ್ರೆಸ್ ಸಿಕ್ಕಿದೆ.

ದಯವಿಟ್ಟು ಬೇಡ. ಬಹಳ ಫೆಡರಲ್ ಜಿಲ್ಲೆಗಳಲ್ಲಿ ಲಾಯರ್‌ಗಳೇ ಜಡ್ಜ್ ಪರ್ಮಿಷನ್ ಇಲ್ದೆ ಜ್ಯೂರರ್‌ನ ಮಾತಾಡಿಸಂಗಿಲ್ಲ. ಪರ್ಮಿಷನ್ ಬೇಡದ ಕಡೆಯೂ ಅವರು ಮಾತಾಡಲ್ಲ ಅಂದ್ರೆ ಅಲ್ಲಿಗೆ ಮುಗೀತು. ಸೋತ ಸಿಟ್ಟಲ್ಲಿ ನೀವು ಬಾಗಿಲು ತಟ್ಟಿದ್ರೆ ನಿಮ್ಮ ಕೈಲಿರೋ ಒಳ್ಳೇ ಸಾಕ್ಷಿನೂ ಹಾಳಾಗುತ್ತೆ.

ತೀರ್ಪಲ್ಲಿ ಎಡವಟ್ಟಾಗಿದ್ರೆ ಅದೇ ಜ್ಯೂರಿನ ವಾಪಸ್ ಕರೀಬಹುದಾ?

ಒಂದೊಂದ್ಸಲ. 2016ರ ಡೀಟ್ಜ್ ವರ್ಸಸ್ ಬೋಲ್ಡಿನ್, ಮೊಂಟಾನದ ಆ್ಯಕ್ಸಿಡೆಂಟ್ ಕೇಸು. ಆಸ್ಪತ್ರೆ ಖರ್ಚು 10,136 ಡಾಲರ್ ಆಗಿದೆ ಅಂತ ಎರಡು ಕಡೆನೂ ಒಪ್ಕೊಂಡಿದ್ರು, ಜ್ಯೂರಿ ಮಾತ್ರ ಗಾಯ ಆಗಿದ್ದ ಡೀಟ್ಜ್ ಪರ ತೀರ್ಪು ಕೊಟ್ಟು ಪರಿಹಾರ ಸೊನ್ನೆ ಅಂತ ಬರೆದ್ರು! ಜಡ್ಜ್ ಥ್ಯಾಂಕ್ಸ್ ಹೇಳಿ ಕಳಿಸಿದ ಕೆಲವೇ ನಿಮಿಷಕ್ಕೆ ತಪ್ಪು ಗೊತ್ತಾಗಿ, ಯಾರ ಹತ್ರನಾದ್ರೂ ಮಾತಾಡಿದ್ರಾ ಅಂತ ವಿಚಾರಿಸಿ ಮತ್ತೆ ಕೂರಿಸಿದ್ರು, ಆಗ 15,000 ಕೊಟ್ರು. ಸುಪ್ರೀಂ ಕೋರ್ಟ್ 6-2ರಲ್ಲಿ ಸರಿ ಅಂತು, ಆದ್ರೆ ಹುಷಾರಾಗಿ, ಎಷ್ಟು ಹೊತ್ತಾಗಿದೆ, ಹೊರಗೆ ಮಾತಾಡಿದಾರಾ, ಇದೆಲ್ಲ ನೋಡ್ಕೊಂಡು ಅಂತ. ಫೋನ್ ಆನ್ ಮಾಡಿ ಹೆಂಡತಿಗೆ ಕಥೆ ಹೇಳಿ ಆಗಿದ್ರೆ ಕಷ್ಟ.

ಹೊಸ ಟ್ರಯಲ್ ಸಿಕ್ತು ಅಂದ್ರೆ ಗೆದ್ದಂಗಾ?

ಅಲ್ಲ. ಹಳೇ ತೀರ್ಪು ಹೋಯ್ತು ಅಷ್ಟೇ. ಹೊಸ ಜ್ಯೂರಿ, ಅದೇ ಸಾಕ್ಷಿಗಳನ್ನ ಮತ್ತೆ ಕರೆಸ್ಬೇಕು, ಎಕ್ಸ್‌ಪರ್ಟ್ ಡಾಕ್ಟರ್‌ಗೆ ಮತ್ತೆ ಗಂಟೆ ಲೆಕ್ಕದಲ್ಲಿ ಫೀಸು. ಕೆಲವು ಸಲ ತಪ್ಪು ಯಾರದ್ದು ಅನ್ನೋದನ್ನ ಹಂಗೇ ಬಿಟ್ಟು ಪರಿಹಾರದ ಮೊತ್ತಕ್ಕೆ ಮಾತ್ರ ಹೊಸ ಟ್ರಯಲ್ ಕೊಡ್ತಾರೆ. ಎದುರು ಪಾರ್ಟಿ ಆ ಆದೇಶದ ಮೇಲೇ ಅಪೀಲು ಹೋಗಬಹುದು, ಕ್ಯಾಲಿಫೋರ್ನಿಯಾದಲ್ಲಿ ತಕ್ಷಣ ಹೋಗಬಹುದು. ಇಷ್ಟೆಲ್ಲಾ ಲೆಕ್ಕ ಹಾಕಿ ಎರಡೂ ಕಡೆಯೋರು ಸುಸ್ತಾಗಿ ರಾಜಿ ಮಾಡ್ಕೊಳ್ಳೋದು ಮಾಮೂಲಿ. ಅರ್ಜಿ ತಿರಸ್ಕಾರ ಆದ್ರೆ ನೀವೂ ಅಪೀಲು ಹೋಗಬಹುದು, ಆದ್ರೆ ಟ್ರಯಲ್ ಜಡ್ಜ್ ಕಣ್ಣಾರೆ ನೋಡಿದಾರೆ ಅಂತ ಮೇಲಿನ ಕೋರ್ಟು ಅವರ ತೀರ್ಮಾನಕ್ಕೆ ಬಹಳ ಬೆಲೆ ಕೊಡುತ್ತೆ.

ನನಗೇ ಜ್ಯೂರಿ ಸಮನ್ಸ್ ಬಂದಿದೆ, ನಾನು ಎಚ್-1ಬಿ ವೀಸಾದಲ್ಲಿದೀನಿ. ಏನ್ ಮಾಡ್ಲಿ?

ಜ್ಯೂರಿಗೆ ಸಿಟಿಜನ್ ಆಗಿರ್ಬೇಕು, ಗ್ರೀನ್ ಕಾರ್ಡಿಗೂ ಆಗಲ್ಲ. ಡ್ರೈವಿಂಗ್ ಲೈಸೆನ್ಸ್ ಪಟ್ಟಿಯಿಂದ ಹೆಸರು ತೆಗೆಯೋದ್ರಿಂದ ನಮ್ಮೋರಿಗೂ ಬರ್ತಾನೇ ಇರುತ್ತೆ. ಕಸದ ಬುಟ್ಟಿಗೆ ಹಾಕ್ಬೇಡಿ, ಸಿಟಿಜನ್ ಅಲ್ಲ ಅನ್ನೋ ಕಡೆ ಟಿಕ್ ಮಾಡಿ ವಾಪಸ್ ಕಳಿಸಿ.

ನಾನು ಸಿಟಿಜನ್, ಜ್ಯೂರಿಲಿ ಕೂತಿದೀನಿ, ಪಕ್ಕದೋರು ಗೂಗಲ್ ಮಾಡ್ಕೊಂಡ್ ಬಂದು ಹೇಳ್ತಿದಾರೆ. ನಾನು ಏನ್ ಮಾಡ್ಬೇಕು?

ಇವತ್ತೇ ಹೇಳಿ, ತೀರ್ಪು ಬಂದ ಮೇಲೆ ಅಲ್ಲ. ವಾರ್ಗರ್ ಕೇಸಲ್ಲಿ ಕೋರ್ಟ್ ಹೇಳಿದ್ದೂ ಇದನ್ನೇ, ತೀರ್ಪಿಗೆ ಮುಂಚೆ ಜ್ಯೂರರ್ ಬಂದು ಹೇಳಿದ್ರೆ ಯಾವ ಅಡ್ಡಿನೂ ಇಲ್ಲ ಅಂತ. ಅವರ ಜೊತೆ ಜಗಳಕ್ಕೆ ಹೋಗ್ಬೇಡಿ, ಮನೇಲಿ ಗಂಡನ ಹತ್ರನೋ ಹೆಂಡತಿ ಹತ್ರನೋ ಹೇಳಿ ಸಲಹೆ ಕೇಳ್ಬೇಡಿ, ಅದೇ ಇನ್ನೊಂದು ತಪ್ಪಾಗುತ್ತೆ. ಒಂದು ಹಾಳೇಲಿ ಬರೆದು ಬಾಗಿಲ ಹತ್ರ ನಿಂತಿರೋ ಬೇಲಿಫ್ (ಕೋರ್ಟ್ ಸಿಬ್ಬಂದಿ) ಕೈಗೆ ಕೊಡಿ, ಜಡ್ಜಿಗೆ ತಲುಪುತ್ತೆ. ಯಾರು, ಯಾವಾಗ, ಏನು ತಂದು ಹೇಳಿದ್ರು, ಅಷ್ಟು ಸಾಕು. ಓಟು ಎಷ್ಟಕ್ಕೆ ಎಷ್ಟಿದೆ ಅಂತ ಮಾತ್ರ ಆ ಚೀಟೀಲಿ ಬರೀಬೇಡಿ.